ಚಳಿಗೆ ದೋಸೆ ಹಿಟ್ಟು ಉಬ್ಬುತ್ತಿಲ್ಲ, ಸಹಾಯ ಬೇಕು
ಎಲ್ಲರಿಗೂ ನಮಸ್ಕಾರ. ಓದಲು ಜರ್ಮನಿಯ ಡ್ರೆಸ್ಡನ್‌ಗೆ ಬಂದು ನಾಲ್ಕು ತಿಂಗಳಾಯಿತು. ಬ್ರೆಡ್ಡು, ಪಾಸ್ತಾ ತಿಂದು ನಾಲಿಗೆ ಕೆಟ್ಟುಹೋಗಿದೆ. ಹೇಗೋ ಉದ್ದಿನಬೇಳೆ, ಮೆಂತ್ಯ ಸಿಕ್ಕಿತು. ದೋಸೆ ಅಕ್ಕಿ ಸಿಗಲಿಲ್ಲ, ಬಾಸ್ಮತಿಯನ್ನೇ 3:1 ಅಳತೆಯಲ್ಲಿ ನೆನೆಸಿ ರುಬ್ಬಿದೆ. ಹೊರಗೆ ಮೈನಸ್ 4 ಡಿಗ್ರಿ. 24 ಗಂಟೆಯಾದರೂ ಹಿಟ್ಟು ಒಂಚೂರೂ ಉಬ್ಬಿಲ್ಲ.

ಹೀಟರ್ ಪಕ್ಕ ಇಟ್ಟೆ, ರಾತ್ರಿ ಅದೇ ತಣ್ಣಗಾಗುತ್ತದೆ. ಓವನ್ ಒಳಗೆ ಲೈಟ್ ಹಾಕಿ ಇಟ್ಟರೆ, ಹಾಸ್ಟೆಲ್ ಹುಡುಗನೊಬ್ಬ ನೋಡದೆ ಪಿಜ್ಜಾಗೆಂದು 220ಕ್ಕೆ ತಿರುಗಿಸಿಬಿಟ್ಟ! ಡಬ್ಬಿ ಸಮೇತ ಹೋಯಿತು.

ಅಮ್ಮ ಉಪ್ಪು ಮೊದಲೇ ಹಾಕು ಅನ್ನುತ್ತಾಳೆ, ಪಕ್ಕದ ರೂಮಿನ ತಮಿಳು ಗೆಳೆಯ ಆಮೇಲೆ ಅನ್ನುತ್ತಾನೆ. ಚಳಿ ದೇಶದಲ್ಲಿರುವವರು ದಯವಿಟ್ಟು ಹೇಳಿ: ಉಪ್ಪು ಯಾವಾಗ ಹಾಕಬೇಕು? ಓವನ್ ಇಲ್ಲದೆ ರಾತ್ರಿಯಿಡೀ ಹಿಟ್ಟನ್ನು ಬೆಚ್ಚಗಿಡುವುದು ಹೇಗೆ?