ಶೋಗೂ ಆಗಬೇಕು, ಅಜಿಲಿಟಿಗೂ ಆಗಬೇಕು: ಯಾವ ತಳಿ ತರಲಿ?

ಎಲ್ಲರಿಗೂ ನಮಸ್ಕಾರ. ಊರು ಶ್ರೀನಿವಾಸಪುರದ ಹತ್ತಿರ, ಮಾವಿನ ತೋಟದ ಮನೆ. ಮಗಳಿಗೆ ನಾಯಿ ಬೇಕು, ಅದೂ ಸುಮ್ನೆ ಸಾಕೋಕಲ್ಲ. ಡಾಗ್ ಶೋ ರಿಂಗ್‌ನಲ್ಲಿ ನಿಲ್ಲಿಸಬೇಕು, ಒಬಿಡಿಯನ್ಸ್ (ಹೇಳಿದ ಮಾತು ಕೇಳೋದು), ಅಜಿಲಿಟಿ (ಅಡೆತಡೆ ದಾಟಿ ಓಡೋ ಸ್ಪರ್ಧೆ) ಎರಡೂ ಕಲಿಸಬೇಕು ಅಂತ ಹಟ.

ಬೆಂಗಳೂರಿನ ಶೋಗೆ ಹೋಗಿ ವಿಚಾರಿಸಿದೆವು. ಅವರವರ ಹತ್ತಿರ ಇರೋ ತಳಿಯೇ ಬೆಸ್ಟ್ ಅಂತಾರೆ! ಇಲ್ಲೇ ಒಬ್ಬರು ಕಡಿಮೆ ರೇಟಿಗೆ ಲ್ಯಾಬ್ರಡಾರ್ ಮರಿ ಕೊಡ್ತೀನಿ ಅಂದ್ರು, ಆದರೆ ಕೆಸಿಐ (ಕೆನಲ್ ಕ್ಲಬ್ ಆಫ್ ಇಂಡಿಯಾ) ನೋಂದಣಿ ಪೇಪರ್ ಇಲ್ಲ, ಹಾಗಾಗಿ ಬಿಟ್ಟೆವು.

ನನ್ನ ಮನಸ್ಸು ಮುಧೋಳ ನಾಯಿ ಕಡೆ. ನಮ್ಮ ಬಾಗಲಕೋಟೆಯದ್ದು, ಬಿಸಿಲು ತಡೆಯುತ್ತೆ, ಮೈಕೂದಲು ಗಿಡ್ಡ, ಆರೈಕೆಯೂ ಕಡಿಮೆ. ಕೆಸಿಐನಲ್ಲಿ ಕ್ಯಾರವಾನ್ ಹೌಂಡ್ ಹೆಸರಲ್ಲಿ ಶೋಗೂ ಹೋಗಬಹುದು. ಆದರೆ ಅದು ಕಣ್ಣಿಗೆ ಬಿದ್ದದ್ದನ್ನು ಅಟ್ಟಿಸಿಕೊಂಡು ಹೋಗೋ ಬೇಟೆನಾಯಿ ಅಲ್ವಾ? ಸ್ನೇಹಿತರ ಮುಧೋಳ ಕೋಳಿ ಕಂಡ ತಕ್ಷಣ ಹಿಂದಕ್ಕೆ ಜಗ್ಗಿ, ಕುತ್ತಿಗೆ ಪಟ್ಟಿಯಿಂದ ಆ ಸಣ್ಣ ತಲೆ ಜಾರಿಸಿಕೊಂಡು ಓಡಿತು, ಎಷ್ಟು ಕೂಗಿದರೂ ತಿರುಗಿ ನೋಡಲಿಲ್ಲ. ನಮ್ಮ ಸುತ್ತ ಪೂರ್ತಿ ಕುರಿ, ಕೋಳಿ.

ಬಾರ್ಡರ್ ಕೋಲಿ ಅಜಿಲಿಟಿಯಲ್ಲಿ ಎಲ್ಲಕ್ಕಿಂತ ಮುಂದೆ, ಒಪ್ತೀನಿ. ಆ ಉದ್ದ ಕೂದಲು ಇಟ್ಟುಕೊಂಡು ಕೋಲಾರದ ಏಪ್ರಿಲ್ ಹೇಗೆ ಕಳೆಯುತ್ತೆ? ಬೆಲ್ಜಿಯನ್ ಮ್ಯಾಲಿನಾಯ್ ಚುರುಕು, ಆದರೆ ಮೊದಲ ಸಲ ಸಾಕೋರಿಗೆ ಜಾಸ್ತಿ ಆಯ್ತು ಅನ್ಸುತ್ತೆ.

ಮುಧೋಳ ಸಾಕಿ ತರಬೇತಿ ಕೊಟ್ಟಿರೋರು ಹೇಳಿ: ಮರಿಯಿಂದಲೇ ಕಲಿಸಿದರೆ ಹಗ್ಗ ಇಲ್ಲದೆ ಅಜಿಲಿಟಿ ಓಡುತ್ತಾ, ಕರೆದರೆ ವಾಪಸ್ ಬರುತ್ತಾ? ಇಲ್ಲ ಅಂದ್ರೆ ಪೇಪರ್ ಇರೋ ಲ್ಯಾಬ್ರಡಾರನ್ನೇ ತರೋದು ವಾಸಿನಾ?