ಆ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡ್ಬೇಡಿ

ಅಕ್ಕಾ, ಈಗಷ್ಟೇ ಮನೆಗೆ ಬಂದು ಗ್ರೂಪ್ ನೋಡ್ದೆ. ಟೈಪ್ ಮಾಡ್ತಾ ಕೂತ್ರೆ ತಡ ಆಗುತ್ತೆ, ಮಾತಲ್ಲೇ ಹೇಳ್ಬಿಡ್ತೀನಿ. ಮೊದಲು ಇದು ಕೇಳು. ಅಪ್ಪನ ವಿಡಿಯೊ ಟಿವಿಲಿ ಓಡ್ತಿಲ್ಲ, ಪೆನ್‌ಡ್ರೈವ್ ಕೆಟ್ಟಿದೆ, ಫಾರ್ಮ್ಯಾಟ್ ಮಾಡೋಣ ಅಂತ ಭಾವ ಹಾಕಿದಾರಲ್ಲ, ಭಾವ, ದಯವಿಟ್ಟು ಅದೊಂದು ಮಾಡ್ಬೇಡಿ. ನಿಮ್ಮ ಹಳೇ ಫೋನ್ ಹೋದ್ಮೇಲೆ ಅಪ್ಪನ ಅರವತ್ತರ ಶಾಂತಿ ವಿಡಿಯೊ ಪೂರ್ತಿಯಾಗಿ ಇರೋದು ಅದೊಂದರಲ್ಲೇ. ಇವತ್ತೇ ಲ್ಯಾಪ್‌ಟಾಪ್‌ಗೆ ಒಂದು ಕಾಪಿ ಹಾಕಿಡಿ, ಮಿಕ್ಕಿದ್ದೆಲ್ಲ ಆಮೇಲೆ.

ಪೆನ್‌ಡ್ರೈವ್ ಚೆನ್ನಾಗೇ ಇದೆ. ಹೇಗೆ ಗೊತ್ತು ಅಂದ್ರೆ, ಅಕ್ಕ ನೀನೇ ಬರ್ದಿದೀಯಲ್ಲ, ಟಿವಿಗೆ ಹಾಕಿರೋ ಪುಟ್ಟನ ಗೇಮ್ ಮಷಿನ್ ಪಿಎಸ್4ಗೆ ಹಾಕಿದ್ರೆ ಚಿಕ್ಕಪ್ಪನ ಹ್ಯಾಂಡಿಕ್ಯಾಮ್‌ದು ಓಡುತ್ತೆ, ಗ್ರೂಪಿಂದ ಇಳಿಸ್ಕೊಂಡಿದ್ದೂ ಓಡುತ್ತೆ, ಭಾವನ ಐಫೋನಿನ ನಾಲ್ಕು ಫೈಲ್ ಮಾತ್ರ ಆಗಲ್ಲ ಅನ್ನುತ್ತೆ ಅಂತ. ಡ್ರೈವ್ ಕೆಟ್ಟಿದ್ರೆ, ಇಲ್ಲಾ ಪಿಎಸ್4 ಓದದೇ ಇರೋ ಎನ್‌ಟಿಎಫ್‌ಎಸ್ ಅನ್ನೋ ಫಾರ್ಮ್ಯಾಟ್‌ನಲ್ಲಿ ಇದ್ದಿದ್ರೆ, ಆ ಎರಡೂ ಓಡ್ತಿರ್ಲಿಲ್ಲ.

ಸಮಸ್ಯೆ ಇರೋದು ಫೈಲ್ ಒಳಗೆ. ಫೈಲ್ ಹೆಸರಿನ ಕೊನೇಲಿ ಬರೋ ಎಂಪಿ4, ಎಂಒವಿ ಅನ್ನೋದು ಬರೀ ಡಬ್ಬಿ ಇದ್ದ ಹಾಗೆ. ಹೊರಗೆ ಸಕ್ಕರೆ ಅಂತ ಬರೆದಿದ್ರೂ ಒಳಗೆ ರವೆ ಇರಬಹುದಲ್ಲ, ಹಾಗೆ. 2017ರಲ್ಲಿ ಐಒಎಸ್ 11 ಬಂದಾಗಿಂದ ಹೊಸ ಐಫೋನ್‌ಗಳು ಜಾಗ ಉಳಿಸೋಕೆ ವಿಡಿಯೊನ ಎಚ್‌ಇವಿಸಿ, ಅಂದ್ರೆ ಎಚ್.265 ಅನ್ನೋ ರೀತಿಲಿ ಒತ್ತಿ ಇಡ್ತವೆ. ಪಿಎಸ್4ರ ಮೀಡಿಯಾ ಪ್ಲೇಯರ್‌ಗೆ ಅದಕ್ಕಿಂತ ಹಿಂದಿನ ಎಚ್.264 ಗೊತ್ತು, ಇದು ಗೊತ್ತಿಲ್ಲ. ವಾಟ್ಸ್ಯಾಪ್ ಕಳಿಸುವಾಗ ತಾನೇ ಎಚ್.264ಗೆ ಬದಲಾಯಿಸಿ ಕುಗ್ಗಿಸುತ್ತೆ, ಅದಕ್ಕೇ ಗ್ರೂಪಿನ ಕಾಪಿ ಓಡೋದು. ಆದ್ರೆ ಅದನ್ನ ಅಮ್ಮಂಗೆ ಹಾಕ್ಬೇಡ ಅಕ್ಕ. ದೊಡ್ಡ ಟಿವಿಲಿ ಅಪ್ಪನ ಮುಖವೇ ಕಲಸಿ ಹೋದಂಗೆ ಕಾಣುತ್ತೆ.

ಖಾತ್ರಿ ಮಾಡ್ಕೋಬೇಕಾ? ಲ್ಯಾಪ್‌ಟಾಪಲ್ಲಿ ವಿಎಲ್‌ಸಿ ಅನ್ನೋ ವಿಡಿಯೊ ಪ್ಲೇಯರಲ್ಲಿ ಫೈಲ್ ತೆಗ್ದು, ಟೂಲ್ಸ್‌ನಲ್ಲಿ ಕೋಡೆಕ್ ಇನ್ಫರ್ಮೇಷನ್ ಒತ್ತು. ಎಚ್‌ಇವಿಸಿ ಅಂತ ಕಂಡ್ರೆ ಇದೇ ಕಾರಣ.

ಆಮೇಲೆ ಅದನ್ನ ಎಚ್.264ಗೆ ಬದಲಾಯಿಸೋಕೆ ಹ್ಯಾಂಡ್‌ಬ್ರೇಕ್ ಅಂತ ಒಂದು ಸಾಫ್ಟ್‌ವೇರ್ ಇದೆ, ದುಡ್ಡು ಕೊಡೋ ಹಾಗಿಲ್ಲ. ಫೈಲನ್ನ ಅದರೊಳಗೆ ಎಳೆದು ಹಾಕು, ಪ್ರಿಸೆಟ್‌ನಲ್ಲಿ 'ಫಾಸ್ಟ್ 1080ಪಿ30' ಆರಿಸು, ವಿಡಿಯೊ ಅನ್ನೋ ಕಡೆ ಫ್ರೇಮ್‌ರೇಟ್‌ನ 'ಕಾನ್‌ಸ್ಟಂಟ್' ಅಂತ ಮಾಡು. ಫೋನ್ ವಿಡಿಯೊದಲ್ಲಿ ಸೆಕೆಂಡಿಗೆ ಇಷ್ಟೇ ಚಿತ್ರ ಅಂತ ಒಂದೇ ಲೆಕ್ಕ ಇರಲ್ಲ, ಹಾಗಾಗಿ ಕೆಲವು ಸಲ ಮಂತ್ರ ಒಂದು ಕಡೆ, ಪುರೋಹಿತರ ಬಾಯಿ ಒಂದು ಕಡೆ ಆಗುತ್ತೆ. ನಾನು ಹೋದ ವರ್ಷ ನಮ್ಮನೆ ಗೃಹಪ್ರವೇಶದ್ದು ಹಾಗೇ ಮಾಡ್ಕೊಂಡು ಎರಡನೇ ಸಲ ಕನ್ವರ್ಟ್ ಮಾಡ್ದೆ. ಸ್ಟಾರ್ಟ್ ಒತ್ತಿ ಬಿಟ್ಬಿಡು, ಆರತಿದು ಉದ್ದ ಇದೆ, ಅಡುಗೆ ಮುಗಿಯೋ ತನಕ ಆಗ್ಬಹುದು. ಮೂಲ ಫೈಲ್ ಮಾತ್ರ ಅಳಿಸ್ಬೇಡ.

ಹೊಸದನ್ನ ಬೇರೆ ಪೆನ್‌ಡ್ರೈವ್‌ಗೆ ಹಾಕೋದಾದ್ರೆ ಅದು ಎಕ್ಸ್‌ಫ್ಯಾಟ್ ಅನ್ನೋ ಫಾರ್ಮ್ಯಾಟ್‌ನಲ್ಲಿರ್ಲಿ. ಫ್ಯಾಟ್32 ಆದ್ರೂ ಪಿಎಸ್4 ಓದುತ್ತೆ, ಆದ್ರೆ 4 ಜಿಬಿ ದಾಟಿದ ಫೈಲು ಅದರೊಳಗೆ ಕೂರಲ್ಲ. ವಿಡಿಯೊನ ಹಾಗೇ ಹೊರಗೆ ಬಿಡ್ಬೇಡ, ಒಂದು ಫೋಲ್ಡರ್ ಮಾಡಿ ಅದರೊಳಗೆ ಹಾಕು.

ಭಾವ, ನಿಮ್ಮ ಈಗಿನ ಫೋನಲ್ಲೂ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ 'ಮೋಸ್ಟ್ ಕಂಪ್ಯಾಟಿಬಲ್' ಇಡಿ. ಜಾಗ ಜಾಸ್ತಿ ತಿನ್ನುತ್ತೆ, ಪರವಾಗಿಲ್ಲ. ಪುಟ್ಟನ ಉಪನಯನ ಬರ್ತಾ ಇದೆ.

ಅಕ್ಕ, ನಾಲ್ಕರಲ್ಲಿ ಆರತಿದು ಮೊದಲು ಮಾಡು. ಅಪ್ಪ ಪೇಟ ಜಾರ್ತಿದ್ದಾಗ ಒಂದು ಕೈಲಿ ಹಿಡ್ಕೊಂಡು ಅಮ್ಮನ ಕಡೆ ತಿರುಗಿ ಮೆತ್ತಗೆ ಏನೋ ಹೇಳ್ತಾರೆ ನೋಡು, ಗ್ರೂಪಿನ ಕಾಪಿಲಿ ಅದು ಸರಿಯಾಗಿ ಕೇಳಲ್ಲ. ಅಮ್ಮ ಫೋನ್ ಮಾಡ್ದಾಗೆಲ್ಲ ಕೇಳೋದು ಅದನ್ನೇ. ಎಲ್ಲಾದ್ರೂ ಸಿಕ್ಕಾಕೊಂಡ್ರೆ ಫೋನ್ ಮಾಡು, ರಾತ್ರಿ ಹನ್ನೊಂದರ ತನಕ ಎದ್ದಿರ್ತೀನಿ.