ತೋಟದ ಹಳ್ಳದ ಮೀನು ಹಿಡಿದು ಅಂಗಡಿಗೆ ಕೊಟ್ಟರೆ ತಪ್ಪಾ?

ಹಳ್ಳದಂಚು:
ನಮ್ಮದು ಶಿರಸಿ–ಸಿದ್ದಾಪುರ ನಡುವಿನ ಹಳ್ಳಿ. ಅಡಿಕೆ ತೋಟದ ಪಕ್ಕ ಒಂದು ಹಳ್ಳ, ಮುಂದೆ ಅಘನಾಶಿನಿ ಸೇರುತ್ತದೆ. ಎರಡು ವರ್ಷದಿಂದ ಮೂರಡಿ ಟ್ಯಾಂಕಲ್ಲಿ ಅಲ್ಲಿನದೇ ಮೀನು ಸಾಕಿದ್ದೇನೆ: ಎಂಟು ಫಿಲಮೆಂಟ್ ಬಾರ್ಬ್, ಐದು ಡ್ಯಾನಿಯೊ. ಗಂಡು ಬಾರ್ಬಿನ ಬೆನ್ನರೆಕ್ಕೆಗೆ ದಾರದಂಥ ಎಳೆ ಬಂದಿದೆ. ನೋಡಿದವರು ಯಾವ ದೇಶದ್ದು ಅಂತಾರೆ, ಹಳ್ಳದ್ದು ಅಂದರೆ ನಂಬೋದಿಲ್ಲ. ಅಪ್ಪ ಮಾತ್ರ, "ತಿನ್ನೋದಂತೂ ಇಲ್ಲ, ಇದಕ್ಕೆ ಕರೆಂಟ್ ಬಿಲ್ ಬೇರೆ."

ಫೋಟೊ ಹಾಕಿದ್ದೇ ತಪ್ಪಾಯ್ತು. ಬೆಂಗಳೂರಿನ ಅಂಗಡಿಯವರೊಬ್ಬರು 200 ಬಾರ್ಬ್ ಕೇಳಿದ್ದಾರೆ, ಒಂದಕ್ಕೆ 40 ರೂಪಾಯಿ. ಮಳೆ ಹಿಡಿದು ಹತ್ತುಮೀನು (ಹೊಸ ನೀರಿಗೆ ಹಳ್ಳದಿಂದ ಗದ್ದೆಗೆ ಹತ್ತಿ ಬರೋ ಮೀನು) ಏರುವಾಗ ಒಂದೇ ರಾತ್ರಿಯ ಕೆಲಸ. ಆವತ್ತು ಊರವರು ಬುಟ್ಟಿಗಟ್ಟಲೆ ಹಿಡಿದು ಸಾರು ಮಾಡ್ತಾರೆ, ಯಾರೂ ಕೇಳೋದಿಲ್ಲ. ನಾನು ಜೀವಂತ ಕಳಿಸಿದರೆ ತಪ್ಪಾ? ಕಾನೂನು ಏನು?

ಕೋಡಿಬಾಗದವಳು, ಕಾರವಾರ:
ಎಲ್ಲಿ ಹಿಡಿಯುತ್ತೀರಿ ಅನ್ನೋದು ಮೊದಲು. ಕಾಳಿ ಹುಲಿ ಮೀಸಲಿನ ಒಳಗಾದರೆ ಒಂದು ಮೀನೂ ಅಪರಾಧ. ಹೊರಗಿನ ಹೊಳೆಗಳಿಗೆ 1996ರ ಒಳನಾಡು ಮೀನುಗಾರಿಕೆ ಕಾಯ್ದೆ. ವ್ಯಾಪಾರ ಅಂದ ಕೂಡಲೇ 2002ರ ಜೀವವೈವಿಧ್ಯ ಕಾಯ್ದೆಯೂ ಬರುತ್ತದೆ. ನಿಮ್ಮ ಪಂಚಾಯ್ತಿಯಲ್ಲೇ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಹೋಗಿ ಕೇಳಿ. (ಬೋರ್ಡಲ್ಲಿ ಮಾತ್ರ ಇದ್ದರೆ ಆಶ್ಚರ್ಯವಿಲ್ಲ.) ಕಡಲಕುದುರೆಯನ್ನಂತೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ ಇರುವ ಮೊದಲ ಪಟ್ಟಿಗೇ ಸೇರಿಸಿದ್ದರು, ಬಲೆಗೆ ತಾನಾಗಿ ಬಿದ್ದದ್ದನ್ನು ಒಣಗಿಸಿ ಇಟ್ಟುಕೊಳ್ಳೋ ಹಾಗೂ ಇಲ್ಲ.

ಇನ್ನೊಂದು, ಬಲೆಗೆ ನಾರಾಯಣ ಬಾರ್ಬ್ ಬಂದೀತು. ಮೈಮೇಲೆ ಎರಡು ಕಪ್ಪು ಪಟ್ಟೆ. ಗೋವಾ ಮತ್ತು ನಮ್ಮ ಕಡೆಯ ಹೊಳೆ ಬಿಟ್ಟರೆ ಎಲ್ಲೂ ಇಲ್ಲ. ಅಂಗಡಿಯವರಿಗೆ ಬಾರ್ಬ್ ಅಂದರೆ ಬಾರ್ಬ್.

ಅಳಿವೆ, ಕುಮಟಾ:
ತಮ್ಮಾ, ಜೂನ್–ಜುಲೈ ನಮ್ಮ ಬೋಟುಗಳೆಲ್ಲ ದಡದಲ್ಲಿ. ಯಾಕೆ? ತತ್ತಿ ಕಾಲ ಅಂತ. ನಿನ್ನ ಹತ್ತುಮೀನು ಮತ್ತೆ ಯಾಕೆ ಹತ್ತುತ್ತದೆ? ಗದ್ದೆ ನೀರಲ್ಲಿ ತತ್ತಿ ಇಡಲಿಕ್ಕೆ. ಹೊಟ್ಟೆ ತುಂಬ ತತ್ತಿ ಇದ್ದದ್ದನ್ನೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ರಾತ್ರಿ ಬಸ್ಸಿಗೆ ಹಾಕ್ತೀಯಾ? ಸಾರಿನವರು ಮಾಡೋದೂ ಸರಿ ಅಂತ ನಾನಂದಿಲ್ಲ.

ಹಳೇ ಅಕ್ವೇರಿಯಂ:
ಅಂಗಡಿ ಇಟ್ಟು ಮುಚ್ಚಿದವನು ನಾನು. ರಜೆ ತಿಂಗಳು ಬರೆದಿಟ್ಟರೆ ಮುಗೀತು ಅನ್ನೋ ಹಾಗಿಲ್ಲ. ಮಿಸ್ ಕೇರಳ ಅನ್ನೋ ಕೆಂಪು ಗೆರೆಯ ಮೀನನ್ನು ಜೂನ್, ಜುಲೈ, ಅಕ್ಟೋಬರಲ್ಲಿ ಹಿಡಿಯಬಾರದು ಅಂತ ಕೇರಳ ಸರ್ಕಾರ 2008ರಲ್ಲಿ ಹೇಳಿತು. ಆಮೇಲೆ ಅಧ್ಯಯನ ಮಾಡಿದರೆ ಅದು ತತ್ತಿ ಇಡೋದು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ! ಬಸುರೇ ಇಲ್ಲದ ತಿಂಗಳಿಗೆ ಬಾಣಂತನ.

ಹಾಗಂತ ಹಿಡಿಯೋದೆಲ್ಲ ಪಾಪ ಅಂತಲೂ ಅಲ್ಲ. ಬ್ರೆಜಿಲ್‌ನ ರಿಯೊ ನೀಗ್ರೊ ದಂಡೆಯ ಬಾರ್ಸೆಲೋಸ್‌ನಲ್ಲಿ ಕಾರ್ಡಿನಲ್ ಟೆಟ್ರಾ ಹಿಡಿದೇ ಎಷ್ಟೋ ಮನೆ ನಡೆದಿದೆ. ಅನ್ನ ಕೊಡುವ ಹೊಳೆ ಅಂದಮೇಲೆ ಕಾಡು ಕಡಿಯಲಿಕ್ಕೆ ಮನಸ್ಸು ಬರೋದಿಲ್ಲ. ಆದರೆ ಅದು ಕಾಡನ್ನೇ ಮುಳುಗಿಸುವ ಮಹಾನದಿ. ನಿಮ್ಮ ಹಳ್ಳ ಏಪ್ರಿಲ್‌ನಲ್ಲಿ ಎಷ್ಟು ಗುಂಡಿ ನೀರು ಉಳಿಸಿಕೊಂಡಿರುತ್ತದೆ, ಎಣಿಸಿ ನೋಡಿದ್ದೀರಾ?

ಹಳ್ಳದಂಚು:
ನಾಲ್ಕು ಗುಂಡಿ. ನಾಲ್ಕನೆಯದಕ್ಕೆ ನಮ್ಮದೇ ಪಂಪು ಇಳಿದಿದೆ.

ಅಂಗಡಿಗೆ ಇಲ್ಲ ಅಂದೆ. "ಬೇರೆ ಕಡೆ ಸಿಗ್ತದೆ ಬಿಡಿ" ಅಂದರು, ಅದೇ ಬೇಜಾರು. ಟ್ಯಾಂಕಲ್ಲೇ ಮರಿ ಮಾಡಿಸಿ ಕೊಡಬಹುದೇನೋ. ಮೊನ್ನೆ ತತ್ತಿ ಹಾಕಿದ್ದವು, ಬೆಳಗಾಗುವುದರೊಳಗೆ ತಾವೇ ತಿಂದು ಮುಗಿಸಿವೆ. ತಳಕ್ಕೆ ಗೋಲಿ ಹಾಸಬೇಕು ಅಂತಾರೆ, ಯಾರಾದರೂ ಮಾಡಿದ್ದೀರಾ?

ಹಳೇ ಅಕ್ವೇರಿಯಂ:
ಮಾಡಿದ್ದೇನೆ. ತತ್ತಿ ಗೋಲಿ ಸಂದಿಗೆ ಇಳಿದ ಕೂಡಲೇ ದೊಡ್ಡವನ್ನು ಬೇರೆ ಟ್ಯಾಂಕಿಗೆ ಹಾಕಿ. ಮರಿ ಹೆಚ್ಚಾಯ್ತು ಅಂತ ಹಳ್ಳಕ್ಕೆ ಮಾತ್ರ ಬಿಡಬೇಡಿ, ಟ್ಯಾಂಕಿನ ರೋಗ ಅಲ್ಲಿಗೆ ಹೋಗೋದು ಬೇಡ.